ಸಿಹಿ ಗಾರ್ಲಿಕ್ ಬ್ರೆಡ್, ಗೆಣಸಿನ ಪಿಜ್ಜಾ: ಕೊರಿಯಾದ ಅಡುಗೆಗೆ ಅಂಕ ಕೊಡೋರು ಯಾರು?

ಯೂಟ್ಯೂಬ್‌ನಲ್ಲಿ ಈ ಬಗೆಯ ವಿಡಿಯೊಗಳಿಗೆ ಬರವಿಲ್ಲ. ಸಿಯೋಲ್‌ನ ಯಾವುದೋ ಅಂಗಡಿ. ಮೇಜಿನ ಮುಂದೆ ಒಬ್ಬ ಇಟಲಿಯವರೋ ಅಮೆರಿಕದವರೋ ಕೂತಿರುತ್ತಾರೆ. ಎದುರಿಗೆ ಗೆಣಸು ತುಂಬಿದ ಪಿಜ್ಜಾ ಬರುತ್ತದೆ. ಇಲ್ಲವೇ ಕೆನೆಯಲ್ಲಿ ಮುಳುಗಿದ ಕಾರ್ಬೊನಾರಾ ಪಾಸ್ಟಾ, ಸಕ್ಕರೆ ಉದುರಿಸಿದ ಕಾರ್ನ್ ಡಾಗ್ (ಕಡ್ಡಿಗೆ ಚುಚ್ಚಿ, ಹಿಟ್ಟಿನಲ್ಲಿ ಅದ್ದಿ ಕರಿದ ಸಾಸೇಜ್). ಮೊದಲು ಹುಬ್ಬು ಗಂಟಿಕ್ಕುತ್ತದೆ. ‘ಇದು ಪಿಜ್ಜಾನೇ ಅಲ್ಲ’ ಅನ್ನೋ ಮಾತು ಬರುತ್ತದೆ. ಆಮೇಲೆ ಒಂದು ತುತ್ತು. ಕಣ್ಣು ಅರಳುತ್ತದೆ, ಅಥವಾ ಮುಖ ಹುಳ್ಳಗಾಗುತ್ತದೆ. ವಿಡಿಯೊ ಅಲ್ಲಿಗೆ ಮುಗಿಯುತ್ತದೆ.

ಈ ವಿಡಿಯೊಗಳು ನನಗೆ ಇಷ್ಟ. ಒಂದು ನೋಡಿದರೆ ಇನ್ನೊಂದು ನೋಡೋಣ ಅನ್ನಿಸುತ್ತದೆ. ಆದರೆ ಅವುಗಳಲ್ಲಿ ಹೆಚ್ಚಿನವು ಒಂದೇ ಅಳತೆಗೋಲು ಹಿಡಿದು ಕೂತಿವೆ: ಮೂಲ ತಿನಿಸಿನ ಹತ್ತಿರ ಬಂದಿದೆಯಾ, ಇಲ್ವಾ? ಆ ತಿನಿಸು ಕೊರಿಯಾಕ್ಕೆ ಯಾವ ದಾರಿಯಲ್ಲಿ ಬಂತು, ಬಂದಾಗ ಅಲ್ಲಿನವರ ಅಡುಗೆಮನೆಯಲ್ಲಿ ಏನಿತ್ತು, ಏನಿರಲಿಲ್ಲ ಅನ್ನೋದನ್ನು ಕೇಳುವವರು ಕಡಿಮೆ. ಅದನ್ನು ಕೇಳಿದರೆ, ವಿಚಿತ್ರ ಅನ್ನಿಸಿದ ಬಹಳಷ್ಟು ತಿನಿಸುಗಳು ಹಾಗಾಗದೆ ಬೇರೆ ದಾರಿಯೇ ಇರಲಿಲ್ಲ ಅಂತ ಗೊತ್ತಾಗುತ್ತದೆ.

ಗಾರ್ಲಿಕ್ ಬ್ರೆಡ್‌ನಿಂದ ಶುರುಮಾಡೋಣ. ಹೊರಗಿನವರಿಗೆ ಜಾಸ್ತಿ ಆಶ್ಚರ್ಯ ತರಿಸುವುದು ಇದೇ. ಕೊರಿಯಾದ ಪೂರ್ವ ಕರಾವಳಿಯ ಗಾಂಗ್‌ನಂಗ್ ಊರು ಈ ಬ್ರೆಡ್ಡಿಗೆ ಹೆಸರುವಾಸಿ. ಮುಷ್ಟಿಗಿಂತ ದೊಡ್ಡದಾದ ದುಂಡನೆಯ ಬನ್ ತೆಗೆದುಕೊಳ್ಳುತ್ತಾರೆ. ತಳ ಬಿಡದ ಹಾಗೆ, ಮೇಲಿನಿಂದ ಆರು ಹೋಳಾಗಿ ಸೀಳುತ್ತಾರೆ. ಸೀಳಿದ ಜಾಗಕ್ಕೆಲ್ಲ ಸಕ್ಕರೆ ಬೆರೆಸಿದ ಕ್ರೀಮ್ ಚೀಸ್ ಒತ್ತಿ ತುಂಬುತ್ತಾರೆ. ಬೆಣ್ಣೆ, ಜಜ್ಜಿದ ಬೆಳ್ಳುಳ್ಳಿ, ಹಾಲು, ಮೊಟ್ಟೆ, ಜೇನು ಅಥವಾ ಸಿಹಿ ಕಂಡೆನ್ಸ್ಡ್ ಹಾಲು ಸೇರಿಸಿ ಕಲಸಿದ ಸಾಸ್‌ನಲ್ಲಿ ಇಡೀ ಬನ್ ಅದ್ದಿ, ಮತ್ತೆ ಒಲೆಗೆ ಇಡುತ್ತಾರೆ. ಮೇಲೆ ಗರಿಗರಿ, ಒಳಗೆ ಒದ್ದೆ ಒದ್ದೆ. ಬೆಳ್ಳುಳ್ಳಿಯ ಘಾಟು ಮೊದಲು ಮೂಗಿಗೆ ಬಡಿಯುತ್ತದೆ. ನಾಲಿಗೆಗೆ ಮೊದಲು ಸಿಗೋದು ಸಿಹಿ.

ಅಮೆರಿಕದವರು ಬೆಚ್ಚುವುದು ಇಲ್ಲೇ. ಅವರಿಗೆ ಗಾರ್ಲಿಕ್ ಬ್ರೆಡ್ ಅಂದರೆ ಊಟದ ಜೊತೆಗೆ ಬರುವ ಉಪ್ಪು-ಬೆಣ್ಣೆಯ ತುಂಡು. ಪಾಸ್ಟಾ ತಟ್ಟೆಯ ಪಕ್ಕದಲ್ಲಿ ಇರಬೇಕಾದದ್ದು. ಕೊರಿಯಾದಲ್ಲಿ ಊಟ ಅಂದರೆ ಅನ್ನ. ಅನ್ನ, ಸಾರು, ನಾಲ್ಕಾರು ಬಗೆಯ ಪಲ್ಯ, ಜೊತೆಗೆ ಕಿಮ್ಚಿ (ಎಲೆಕೋಸಿನಂಥ ತರಕಾರಿ ಹುಳಿಬರಿಸಿ ಮಾಡುವ ಖಾರದ ಉಪ್ಪಿನಕಾಯಿ). ಬ್ರೆಡ್ ಆ ಸಾಲಿಗೆ ಸೇರಲೇ ಇಲ್ಲ. ಅದು ಮಧ್ಯಾಹ್ನ, ಸಂಜೆ, ಶಾಲೆಯಿಂದ ಬಂದ ಮೇಲೆ ತಿನ್ನುವ ತಿಂಡಿಯಾಯಿತು. ತಿಂಡಿ ಸಿಹಿಯಾಗಿರಬೇಕು ಅನ್ನೋದು ಅಲ್ಲಿಯ ಬೇಕರಿಗಳ ಸಹಜ ಲೆಕ್ಕ. ಅದರೊಳಗೆ ಬೆಳ್ಳುಳ್ಳಿ ಬಂದರೂ ಅಷ್ಟೇ.

ನಮಗೆ ಇದು ಅರ್ಥವಾಗೋದು ಕಷ್ಟವಲ್ಲ. ನಮ್ಮ ಅಯ್ಯಂಗಾರ್ ಬೇಕರಿಗಳನ್ನೇ ನೋಡಿ. ಇಂಗ್ಲಿಷರ ಬ್ರೆಡ್ ಕರ್ನಾಟಕದಲ್ಲಿ ಊಟದ ಎಲೆಗೆ ಬರಲಿಲ್ಲ, ಕಾಫಿ-ಟೀ ಪಕ್ಕಕ್ಕೆ ಬಂತು. ಹಸಿಮೆಣಸಿನಕಾಯಿ, ಈರುಳ್ಳಿ, ಕರಿಬೇವು ಹಾಕಿದ ಖಾರಾ ಬನ್ ಆಯ್ತು, ಕೊಬ್ಬರಿ ತುಂಬಿದ ದಿಲ್‌ಪಸಂದ್ ಆಯ್ತು. ಮೊಟ್ಟೆ ಬೇಡ ಅನ್ನುವವರಿಗಾಗಿ ಮೊಟ್ಟೆ ಇಲ್ಲದೆಯೇ ಕೇಕ್ ಉಬ್ಬಿಸುವುದನ್ನು ಕಲಿತರು. ಖಾರಾ ಬನ್ ಕೈಯಲ್ಲಿ ಹಿಡಿದು ‘ಇಂಗ್ಲೆಂಡಿನಲ್ಲಿ ಬನ್ ಹೀಗಿರೋದಿಲ್ಲ’ ಅಂದರೆ ಮಾತು ನಿಜವೇ. ಆದರೆ ಅದರಿಂದ ಖಾರಾ ಬನ್ ಬಗ್ಗೆ ಏನೂ ಗೊತ್ತಾಗೋದಿಲ್ಲ, ಅಲ್ವಾ?

ಕೊರಿಯಾದ ಕಥೆಯಲ್ಲಿ ಇನ್ನೂ ಒಂದು ಭಾರವಾದ ಸಂಗತಿ ಇದೆ. ಹಸಿವು.

1950ರಿಂದ 1953ರವರೆಗಿನ ಯುದ್ಧದಲ್ಲಿ ದೇಶ ಬೂದಿಯಾಗಿತ್ತು. ಅಕ್ಕಿ ಸಾಕಾಗುತ್ತಿರಲಿಲ್ಲ. ಅಮೆರಿಕದ ನೆರವಿನ ಹಡಗುಗಳಲ್ಲಿ ಗೋಧಿ ಬಂತು. ದೇಜಾನ್ ನಗರದಲ್ಲಿ ಇವತ್ತು ಜನ ಸಾಲುಗಟ್ಟಿ ನಿಲ್ಲುವ ಸಂಗ್‌ಸಿಮ್‌ದಾಂಗ್ ಬೇಕರಿ ಹುಟ್ಟಿದ್ದು ಹಾಗೆ. ಉತ್ತರದಿಂದ ಯುದ್ಧದಲ್ಲಿ ಓಡಿ ಬಂದ ಒಂದು ಕುಟುಂಬಕ್ಕೆ ಅಲ್ಲಿನ ಚರ್ಚಿನ ಪಾದ್ರಿ ಎರಡು ಮೂಟೆ ಗೋಧಿ ಹಿಟ್ಟು ಕೊಟ್ಟರು. ಅವರು ಅದನ್ನು ತಿಂದು ಮುಗಿಸಲಿಲ್ಲ. 1956ರಲ್ಲಿ ರೈಲು ನಿಲ್ದಾಣದ ಮುಂದೆ ಕೂತು ಹಬೆಯಲ್ಲಿ ಬೇಯಿಸಿದ ಬನ್ ಮಾರಲು ಶುರು ಮಾಡಿದರು. ಈಗ ಆ ಬೇಕರಿಯ ಹೆಸರು ಹೇಳಿದರೆ ದೇಜಾನ್ ನೆನಪಾಗುವಷ್ಟು ಅದು ದೊಡ್ಡದು. ಬೇಳೆಯ ಹೂರಣ ತುಂಬಿ, ಮೇಲೆ ಪುಡಿಪುಡಿ ಹಿಟ್ಟು ಮೆತ್ತಿ, ಎಣ್ಣೆಯಲ್ಲಿ ಕರಿದ ಅವರ ಬನ್ ತಿನ್ನಲಿಕ್ಕೆಂದೇ ವಿದೇಶಿಯರು ಸಿಯೋಲ್‌ನಿಂದ ರೈಲು ಹತ್ತುತ್ತಾರೆ. ಬ್ರೆಡ್ಡನ್ನು ಯಾಕೆ ಕರೀತಾರೆ ಅಂತ ಕೆಲವರಿಗೆ ಅಚ್ಚರಿ.

ಸರ್ಕಾರವೂ ಜನರನ್ನು ಗೋಧಿಯ ಕಡೆ ತಳ್ಳಿತು, ಅದೂ ಮೆಲ್ಲಗೆ ಅಲ್ಲ. 1960ರ ದಶಕದಿಂದ ಅನ್ನಕ್ಕೆ ಬಾರ್ಲಿ ಬೆರೆಸಿ, ಗೋಧಿ ತಿನ್ನಿ ಅನ್ನುವ ಚಳವಳಿಯನ್ನೇ ನಡೆಸಿತು. 1969ರಲ್ಲಿ ಬುಧವಾರ ಮತ್ತು ಶನಿವಾರ ಅಕ್ಕಿ ಇಲ್ಲದ ದಿನ ಅಂತ ಸಾರಿತು. ಆ ದಿನಗಳಲ್ಲಿ ಬೆಳಿಗ್ಗೆ 11ರಿಂದ ಸಂಜೆ 5ರವರೆಗೆ ಹೋಟೆಲುಗಳು ಅನ್ನ ಮಾರುವಂತಿರಲಿಲ್ಲ. ಶಾಲೆಯಲ್ಲಿ ಮೇಷ್ಟ್ರು ಮಕ್ಕಳ ಊಟದ ಡಬ್ಬಿ ತೆಗೆಸಿ ನೋಡುತ್ತಿದ್ದರು, ಅನ್ನದಲ್ಲಿ ಬಾರ್ಲಿ ಇದೆಯೋ ಇಲ್ಲವೋ ಅಂತ. ರಾಮ್ಯನ್ ನೂಡಲ್ಸ್ 1963ರಲ್ಲಿ ಮಾರುಕಟ್ಟೆಗೆ ಬಂದು ಬೇರು ಬಿಟ್ಟಿದ್ದು ಈ ಕಾಲದಲ್ಲೇ. ಒಂದು ದೇಶದ ನಾಲಿಗೆ ಹೀಗೆ ಆಜ್ಞೆಯ ಮೇಲೆ ಗೋಧಿಗೆ ಒಗ್ಗಿತು. ಆ ಗೋಧಿಯನ್ನು ತಮಗೆ ರುಚಿಸುವ ಹಾಗೆ ಮಾಡಿಕೊಂಡಿದ್ದು ಮಾತ್ರ ಜನರೇ.

ಇದಕ್ಕಿಂತ ಗಟ್ಟಿ ಉದಾಹರಣೆ ಬುದೆ-ಜಿಗೆ. ಸೈನ್ಯದ ಶಿಬಿರದ ಸಾರು. ಕಿಮ್ಚಿ, ಮೆಣಸಿನ ಪೇಸ್ಟ್ ಹಾಕಿದ ಕೆಂಪು ಸಾರಿನಲ್ಲಿ ಸ್ಪ್ಯಾಮ್ (ಡಬ್ಬಿಯಲ್ಲಿ ಬರುವ ಅಮೆರಿಕದ ಹಂದಿಮಾಂಸ), ಸಾಸೇಜ್, ಡಬ್ಬಿಯ ಬೀನ್ಸ್, ರಾಮ್ಯನ್ ಎಲ್ಲ ಕುದಿಯುತ್ತಿರುತ್ತವೆ. ಮೇಲೆ ಒಂದು ಹಾಳೆ ಹಳದಿ ಅಮೆರಿಕನ್ ಚೀಸ್ ಕರಗುತ್ತಿರುತ್ತದೆ. ಮೊದಲ ಸಲ ನೋಡಿದ ವಿದೇಶಿಯರಿಗೆ ಇದು ಕಾಲೇಜು ಹುಡುಗರು ಫ್ರಿಜ್ ಖಾಲಿ ಮಾಡಿದ ಹಾಗೆ ಕಾಣುತ್ತದೆ.

ಸಿಯೋಲ್‌ನ ಉತ್ತರಕ್ಕಿರುವ ಉಯ್‌ಜೊಂಗ್‌ಬುನಲ್ಲಿ ಅಮೆರಿಕನ್ ಸೈನ್ಯದ ಶಿಬಿರಗಳಿದ್ದವು. ಮಾಂಸ ಕಾಣೋದೇ ಅಪರೂಪವಾಗಿದ್ದ ಕಾಲ. ಶಿಬಿರದಲ್ಲಿ ಉಳಿದದ್ದು, ಕದ್ದು ಹೊರಬಂದದ್ದು ಊರಿನ ಮಾರುಕಟ್ಟೆಗೆ ಬರುತ್ತಿತ್ತು. ಅಲ್ಲಿ ಹೊ ಗಿ-ಸುಕ್ ಎಂಬ ಹೆಂಗಸು 1960ರಲ್ಲಿ ಮೀನಿನ ತಿಂಡಿಯ ಗಾಡಿ ಇಟ್ಟುಕೊಂಡರು. ಶಿಬಿರದಲ್ಲಿ ಕೆಲಸ ಮಾಡುತ್ತಿದ್ದ ಗಿರಾಕಿಗಳು ಹ್ಯಾಮ್, ಸಾಸೇಜ್ ತಂದು ಏನಾದರೂ ಮಾಡಿಕೊಡಿ ಅನ್ನುತ್ತಿದ್ದರು. ಮೊದಲು ಹುರಿದು ಕೊಟ್ಟರು. ಅನ್ನಕ್ಕೆ ಸಾರು ಬೇಕಲ್ಲ, ಆಮೇಲೆ ಕಿಮ್ಚಿ ಹಾಕಿ ಕುದಿಸಿದರು. ಶಿಬಿರದ ಸಾಮಾನು ಹೊರಗೆ ಮಾರೋದು ಆಗ ಅಪರಾಧ. ಇವತ್ತು ಆ ಬೀದಿಯ ಹೆಸರೇ ಬುದೆ-ಜಿಗೆ ಬೀದಿ, ಅವರ ಹೋಟೆಲು ಈಗಲೂ ಅಲ್ಲೇ ಇದೆ. ಇದಕ್ಕೂ ಮುಂಚೆ, ಶಿಬಿರದ ಊಟದಲ್ಲಿ ಎಸೆದದ್ದನ್ನು ಕೂಡಿಸಿ ಕುದಿಸಿದ ಗಂಜಿಯನ್ನು ಜನ ಕೊಂಡು ಕುಡಿಯುತ್ತಿದ್ದರು. ಹಂದಿಗೆ ಹಾಕುವ ಗಂಜಿ ಅಂತಲೇ ಅದಕ್ಕೆ ಹೆಸರಿತ್ತು.

ಸ್ಪ್ಯಾಮ್ ವಿಷಯವೂ ಇದರ ಜೊತೆಗೇ ಹೊಂದಿಕೊಂಡಿದೆ. ಅಮೆರಿಕದಲ್ಲಿ ಸ್ಪ್ಯಾಮ್ ಅಂದರೆ ಬಡವರ ಡಬ್ಬಿ. ಕೊರಿಯಾದಲ್ಲಿ ಸುಗ್ಗಿಯ ಹಬ್ಬ ಚುಸೋಕ್‌ಗೆ, ಹೊಸವರ್ಷಕ್ಕೆ, ಚಂದದ ಪೆಟ್ಟಿಗೆಯಲ್ಲಿ ಜೋಡಿಸಿಟ್ಟು ಉಡುಗೊರೆ ಕೊಡುವ ವಸ್ತು. ಇದನ್ನು ಕಂಡು ನಗುವ ವಿಡಿಯೊಗಳು ಲೆಕ್ಕವಿಲ್ಲದಷ್ಟಿವೆ. 1987ರಲ್ಲಿ ಕೊರಿಯಾದಲ್ಲೇ ಅದರ ತಯಾರಿ ಶುರುವಾಗುವವರೆಗೆ ಸ್ಪ್ಯಾಮ್ ಬಹುಪಾಲು ಶಿಬಿರದ ಅಂಗಡಿಯಿಂದ ಕಳ್ಳದಾರಿಯಲ್ಲಿ ಬರುತ್ತಿದ್ದ ಮಾಂಸ. ಅದನ್ನು ತಿನ್ನಬಲ್ಲವರು ಸ್ವಲ್ಪ ಅನುಕೂಲಸ್ಥರು. ಆ ಬೆಲೆ ಮನಸ್ಸಿನಲ್ಲಿ ಉಳಿದುಕೊಂಡಿದೆ. ಅಜ್ಜಿ ಮೊಮ್ಮಗನ ತಟ್ಟೆಗೆ ಹುರಿದ ಸ್ಪ್ಯಾಮ್ ತುಂಡು ಹಾಕುವಾಗ ಏನು ಕೊಡುತ್ತಿದ್ದಾಳೆ ಅನ್ನೋದು ಅವಳಿಗೆ ಗೊತ್ತು. ಅದನ್ನು ನೋಡಿ ನಗೋದು ನನಗಂತೂ ಸಾಧ್ಯವಿಲ್ಲ.

ಈಗ ಇಟಲಿಯವರ ಸಿಟ್ಟಿಗೆ ಬರೋಣ. ಈ ಇಡೀ ವಿಷಯದ ಗಂಟು ಬಿಚ್ಚುವುದು ಇಲ್ಲಿ ಅಂತ ನನ್ನ ಅನಿಸಿಕೆ. ಕೊರಿಯಾದ ಕಾರ್ಬೊನಾರಾದಲ್ಲಿ ಕ್ರೀಮ್ ಇರುತ್ತದೆ, ಬೇಕನ್ ಇರುತ್ತದೆ, ಕೆಲವೊಮ್ಮೆ ಅಣಬೆ, ಈರುಳ್ಳಿ ಕೂಡ. ರೋಮ್‌ನವರ ಇವತ್ತಿನ ನಿಯಮದ ಪ್ರಕಾರ ಮೊಟ್ಟೆ, ಹಂದಿಯ ಕೆನ್ನೆಯ ಮಾಂಸ, ಪೆಕೊರಿನೊ ಚೀಸ್, ಕರಿಮೆಣಸು. ಕ್ರೀಮ್ ಹಾಕಿದರೆ ಪಾಪ. ಆದರೆ ಇಟಲಿಯ ಅಡುಗೆ ಪತ್ರಿಕೆಯೊಂದು 1954ರಲ್ಲಿ ಮೊದಲ ಬಾರಿಗೆ ಕಾರ್ಬೊನಾರಾ ಮಾಡುವ ವಿಧಾನ ಅಚ್ಚುಹಾಕಿದಾಗ ಅದರಲ್ಲಿ ಬೆಳ್ಳುಳ್ಳಿ ಇತ್ತು, ಸ್ವಿಟ್ಜರ್‌ಲೆಂಡಿನ ಗ್ರುಯೇರ್ ಚೀಸ್ ಇತ್ತು. ಈಗ ಹೇಳುವ ಶುದ್ಧ ರೂಪ ಗಟ್ಟಿಯಾದದ್ದು ಅದಕ್ಕೂ ಎಷ್ಟೋ ವರ್ಷಗಳ ನಂತರ.

ಅದಕ್ಕಿಂತ ಮುಖ್ಯವಾದದ್ದು ಅದರ ಹುಟ್ಟು. 1944ರಲ್ಲಿ ಅಮೆರಿಕನ್ ಸೈನ್ಯ ರೋಮ್ ಹೊಕ್ಕಿತು. ಅವರ ರೇಷನ್ನಿನಲ್ಲಿ ಬೇಕನ್ ಇತ್ತು, ಮೊಟ್ಟೆಯ ಪುಡಿ ಇತ್ತು. ಹಸಿದಿದ್ದ ಊರಿನಲ್ಲಿ ಅದನ್ನು ಪಾಸ್ಟಾ ಜೊತೆ ಸೇರಿಸಿದ್ದರಿಂದ ಕಾರ್ಬೊನಾರಾ ಆಯ್ತು ಅಂತ ಹಲವು ಆಹಾರ ಇತಿಹಾಸಕಾರರು ಹೇಳುತ್ತಾರೆ. ಎಲ್ಲರೂ ಒಪ್ಪುವುದಿಲ್ಲ, ಇಟಲಿಯಲ್ಲಿ ಈ ಬಗ್ಗೆ ಜಗಳವೇ ಇದೆ. ಆದರೂ ಯುದ್ಧಕ್ಕೆ ಮುಂಚಿನ ರೋಮ್‌ನ ಅಡುಗೆ ಪುಸ್ತಕಗಳಲ್ಲಿ ಆ ಹೆಸರಿನ ತಿನಿಸು ಸಿಗೋದಿಲ್ಲ ಅನ್ನೋದು ನಿಜ. ಹಾಗಾದರೆ ಕಾರ್ಬೊನಾರಾ ಮತ್ತು ಬುದೆ-ಜಿಗೆ ಒಂದೇ ಬಗೆಯ ಕಥೆಯವು. ಅಮೆರಿಕನ್ ಸೈನಿಕನ ಡಬ್ಬಿ ಒಂದು ಕಡೆ ರೋಮ್‌ನ ಪಾಸ್ಟಾಗೆ ಬಿತ್ತು, ಇನ್ನೊಂದು ಕಡೆ ಉಯ್‌ಜೊಂಗ್‌ಬುನ ಸಾರಿಗೆ ಬಿತ್ತು. ಒಂದನ್ನು ಪರಂಪರೆ ಅಂತೀವಿ. ಇನ್ನೊಂದನ್ನು ವಿಚಿತ್ರ ಅಂತೀವಿ.

ಪಿಜ್ಜಾ ಮೇಲೆ ಆಲೂಗಡ್ಡೆಯಾ ಅಂತ ಹಣೆ ಚಚ್ಚಿಕೊಳ್ಳುವವರಿಗೂ ಇದೇ ಮಾತು. ರೋಮ್‌ನ ಬೀದಿಗಳಲ್ಲಿ ತೆಳ್ಳಗೆ ಹೆಚ್ಚಿದ ಆಲೂಗಡ್ಡೆಯ ಪಿಜ್ಜಾ ದಿನವೂ ಮಾರಾಟವಾಗುತ್ತದೆ. ಸಾಸೇಜ್ ಮತ್ತು ಫ್ರೆಂಚ್ ಫ್ರೈಸ್ ಹರಡಿದ ಪಿಜ್ಜಾ ಇಟಲಿಯ ಮಕ್ಕಳ ಅಚ್ಚುಮೆಚ್ಚು. ಅನಾನಸ್ ಪಿಜ್ಜಾ ಹುಟ್ಟಿದ್ದು ಕೆನಡಾದಲ್ಲಿ, 1962ರಲ್ಲಿ, ಗ್ರೀಸ್‌ನಿಂದ ಬಂದವರ ಹೋಟೆಲಿನಲ್ಲಿ. ಕೊರಿಯಾದವರು ಗೆಣಸು, ಮೆಕ್ಕೆಜೋಳ ಹಾಕಿದರೆ ಮಾತ್ರ ಗಡಿ ದಾಟಿದ ಹಾಗೆ ಯಾಕೆ ಅನ್ನಿಸಬೇಕು?

ಪಿಜ್ಜಾದ ಜೊತೆ ಸಿಹಿ ಸೌತೆಕಾಯಿ ಉಪ್ಪಿನಕಾಯಿ ಕೊಡುವುದೂ ಹೊರಗಿನವರಿಗೆ ಒಗಟು. ಕರಿದ ಕೋಳಿಯ ಜೊತೆ ಹುಳಿ-ಸಿಹಿ ಮೂಲಂಗಿ ತುಂಡು ಬರುತ್ತದೆ. ಕೊರಿಯಾದ ಊಟದಲ್ಲಿ ಪ್ರತಿ ತುತ್ತಿಗೂ ಕಿಮ್ಚಿ ಇರುತ್ತದೆ, ಜಿಡ್ಡು ಬಾಯಲ್ಲಿ ಕೂರಲು ಅದು ಬಿಡೋದಿಲ್ಲ. ಚೀಸ್ ತಿನ್ನುವಾಗಲೂ ನಾಲಿಗೆ ಅದನ್ನೇ ಹುಡುಕುತ್ತದೆ. ಅಷ್ಟೇ ವಿಷಯ.

ಅಂದ ಹಾಗೆ, ಕೊರಿಯಾಕ್ಕೆ ಚೀಸ್ ಕಲಿಸಿದ ವಿದೇಶಿಯೊಬ್ಬರ ಕಥೆ ಹೇಳದೆ ಮುಂದೆ ಹೋಗಲಾರೆ. ಬೆಲ್ಜಿಯಂನ ಪಾದ್ರಿ ದಿದಿಯೆ ಸೆರ್‌ಸ್ಟೀವನ್ಸ್ 1959ರಲ್ಲಿ ಕೊರಿಯಾಕ್ಕೆ ಬಂದರು. 1964ರಲ್ಲಿ ಇಮ್‌ಸಿಲ್ ಎಂಬ ಬಡ ಗುಡ್ಡಗಾಡಿನ ಊರಿಗೆ ಹೋದರು. ಎರಡು ಆಡುಗಳಿಂದ ಶುರು. ಹಾಲು ಮಾರಾಟವಾಗದೆ ಉಳಿಯುತ್ತಿತ್ತು. ಚೀಸ್ ಮಾಡಲು ಹೊರಟರು, ಮತ್ತೆ ಮತ್ತೆ ಕೆಟ್ಟಿತು. ಚೀಸ್ ಮಾಡೋದನ್ನು ಕಲಿಯಲಿಕ್ಕೆಂದೇ ಯುರೋಪಿಗೆ ಹೋಗಿ, ವಾಪಸ್ ಬಂದು ಊರಿನ ರೈತರಿಗೆ ಕಲಿಸಿದರು. ಮುಂದೆ ಅಲ್ಲಿಯ ಮೊಜರೆಲ್ಲಾ ಸಿಯೋಲ್‌ನ ಪಿಜ್ಜಾಗೂ ಹೋಯಿತು. ಜಿ ಜಂಗ್-ಹ್ವಾನ್ ಅಂತ ಕೊರಿಯಾದ ಹೆಸರು ಇಟ್ಟುಕೊಂಡು, ಕೊನೆಗೆ ಅಲ್ಲಿಯ ಪೌರತ್ವವನ್ನೂ ಪಡೆದು, 2019ರಲ್ಲಿ ತೀರಿಕೊಂಡರು. ವಿದೇಶಿಯರ ಪ್ರತಿಕ್ರಿಯೆ ಅಂದಾಗ ನನಗೆ ಮೊದಲು ನೆನಪಾಗೋದು ಇವರೇ.

ಹಾಗಾದರೆ ಅಂಕ ಕೊಡುವ ಕುರ್ಚಿಯಲ್ಲಿ ವಿದೇಶಿಯರನ್ನು ಕೂರಿಸಿದವರು ಯಾರು? ಬಹಳ ಮಟ್ಟಿಗೆ ಕೊರಿಯನ್ನರೇ. ‘ಕೊರಿಯನ್ ಇಂಗ್ಲಿಷ್‌ಮನ್’ ಯೂಟ್ಯೂಬ್ ಚಾನೆಲ್ 2013ರಲ್ಲಿ ಶುರುವಾದಾಗ ಅದರ ಬ್ರಿಟಿಷ್ ಹುಡುಗ ಮಾತಾಡುತ್ತಿದ್ದದ್ದು ಕೊರಿಯನ್ ಭಾಷೆಯಲ್ಲಿ. ಲಂಡನ್‌ನವರಿಗೆ ಕೊರಿಯಾದ ತಿನಿಸು ತಿನ್ನಿಸಿ ಅವರ ಮುಖ ತೋರಿಸುತ್ತಿದ್ದದ್ದು ಕೊರಿಯಾದ ನೋಡುಗರಿಗೆ. ಟಿವಿಯಲ್ಲೂ ವಿದೇಶಿಯರನ್ನು ಕೂರಿಸಿ ಅಭಿಪ್ರಾಯ ಕೇಳುವ ಕಾರ್ಯಕ್ರಮಗಳು ಕಳೆದ ದಶಕದಲ್ಲಿ ಮನೆಮಾತಾದವು. ಬಡತನ, ಯುದ್ಧ, ಬೇರೆಯವರ ಆಳ್ವಿಕೆ ಕಂಡ ಸಣ್ಣ ದೇಶಕ್ಕೆ ಹೊರಗಿನವರ ಬಾಯಲ್ಲಿ ‘ಚೆನ್ನಾಗಿದೆ’ ಅನ್ನಿಸಿಕೊಳ್ಳುವ ಆಸೆ ಇರೋದು ತಪ್ಪಲ್ಲ. ನಮಗೂ ಇದೆ. ಯಾರಾದರೂ ವಿದೇಶಿಯರು ಬಿಸಿಬೇಳೆ ಬಾತ್ ತಿಂದು ತಲೆದೂಗಿದರೆ ಆ ವಿಡಿಯೊ ವಾಟ್ಸಾಪ್‌ನಲ್ಲಿ ಎಷ್ಟು ಓಡಾಡುತ್ತೆ ಅಂತ ಎಲ್ಲರಿಗೂ ಗೊತ್ತು.

ಆದರೆ ಕೊರಿಯಾದವರಿಗೆ ತಮ್ಮ ತಿನಿಸು ಮೂಲದಿಂದ ದೂರ ಹೋಗಿದೆ ಅಂತ ಗೊತ್ತಿಲ್ಲ ಅಂದುಕೊಂಡರೆ ತಪ್ಪು. ಗೊತ್ತಿದೆ, ಅದನ್ನು ಅವರು ಖುಷಿಯಿಂದಲೇ ಮಾಡುತ್ತಾರೆ. 2004ರಲ್ಲಿ ಕೆಲಾಗ್ಸ್ ಕಂಪನಿ ಮಕ್ಕಳ ಚೆಕ್ಸ್ ಸಿರಿಯಲ್‌ಗೆ ಅಲ್ಲಿ ಆನ್‌ಲೈನ್ ಮತದಾನ ಇಟ್ಟಿತು. ಒಂದು ಕಡೆ ಚಾಕೊಲೇಟ್, ಇನ್ನೊಂದು ಕಡೆ ಈರುಳ್ಳಿ ಸೊಪ್ಪಿನ ರುಚಿ. ಜನ ಮುಗಿಬಿದ್ದು ಈರುಳ್ಳಿ ಸೊಪ್ಪಿಗೆ ಮತ ಹಾಕಿದರು. ಕಂಪನಿ ಒಂದಷ್ಟು ಮತ ಅಳಿಸಿಹಾಕಿ ಚಾಕೊಲೇಟನ್ನೇ ಗೆಲ್ಲಿಸಿತು. ಜನ ಮರೆಯಲಿಲ್ಲ. ವರ್ಷಗಟ್ಟಲೆ ಕೇಳುತ್ತಲೇ ಇದ್ದರು. ಕೊನೆಗೆ 2020ರಲ್ಲಿ ಈರುಳ್ಳಿ ಸೊಪ್ಪಿನ ಚೆಕ್ಸ್ ನಿಜವಾಗಿಯೂ ಬಂತು.

ವಿದೇಶಿಯರ ಎಲ್ಲ ದೂರುಗಳೂ ಪೊಳ್ಳು ಅಂತ ನಾನು ಹೇಳುತ್ತಿಲ್ಲ. ಸಕ್ಕರೆ ನಿಜಕ್ಕೂ ಜಾಸ್ತಿ. ಖಾರದ ಸಾಸ್‌ನಲ್ಲಿ, ಬ್ರೆಡ್‌ನಲ್ಲಿ, ಸಲಾಡ್ ಮೇಲಿನ ಮಯೊನೀಸ್‌ನಲ್ಲಿ ಎಲ್ಲೆಲ್ಲೂ ಇರುತ್ತದೆ. ಒಳಗೆ ಏನಿದೆ ಅಂತ ಗೊತ್ತಾಗದಿರುವುದು ಇನ್ನೂ ದೊಡ್ಡ ತೊಂದರೆ. ಬೆಂಗಳೂರಿನಿಂದ ಕೆಲಸದ ಮೇಲೆ ಸುವಾನ್‌ಗೋ ಸಿಯೋಲ್‌ಗೋ ಹೋಗುವ ನಮ್ಮ ಸಸ್ಯಾಹಾರಿ ಇಂಜಿನಿಯರುಗಳು ಇದನ್ನು ಗಮನಿಸಬೇಕು. ಗೆಣಸಿನ ಪಿಜ್ಜಾ ಅಂತ ಬರೆದಿದ್ದರೂ ಮೇಲೆ ಬೇಕನ್ ಇರಬಹುದು. ಮೆಕ್ಕೆಜೋಳದ ಪಿಜ್ಜಾದಲ್ಲಿ ಹ್ಯಾಮ್ ಇರಬಹುದು. ಗಾರ್ಲಿಕ್ ಬ್ರೆಡ್ ಸಾಸ್‌ನಲ್ಲಿ ಮೊಟ್ಟೆ ಇರುತ್ತದೆ. ನಮ್ಮ ಪೊಟ್ಟಣಗಳ ಮೇಲಿನ ಹಸಿರು ಚುಕ್ಕೆ ಅಲ್ಲಿ ಇಲ್ಲ. ಕೇಳಿಯೇ ತಿನ್ನಬೇಕು. ಬೆಂಗಳೂರಿನ ಬೇಕರಿಗಳು ಅದೇ ಬನ್ನನ್ನು ಮೊಟ್ಟೆ ಇಲ್ಲದೆ ಮಾಡಿ ‘ಕೊರಿಯನ್ ಬನ್’ ಅಂತ ಮಾರುತ್ತಿವೆ. ಅದನ್ನು ತಿಂದು ಸಿಯೋಲ್‌ನವರು ಏನಂತಾರೋ ನೋಡಬೇಕು.

ಈಗ ಗಾಳಿ ತಿರುಗಿದೆ. 2024ರಲ್ಲಿ ಕೊರಿಯಾಕ್ಕೆ 1.6 ಕೋಟಿಗೂ ಹೆಚ್ಚು ವಿದೇಶಿಯರು ಬಂದರು. ಅವರಲ್ಲಿ ಎಷ್ಟೋ ಜನ ಗಾರ್ಲಿಕ್ ಬ್ರೆಡ್, ಕಾರ್ನ್ ಡಾಗ್ ಹುಡುಕಿಕೊಂಡೇ ಹೋಗುತ್ತಾರೆ. ಅವರ ಪಾಲಿಗೆ ಅದು ಹದಗೆಟ್ಟ ಪಾಶ್ಚಾತ್ಯ ತಿನಿಸಲ್ಲ, ಕೊರಿಯಾದ ತಿನಿಸು. ಕಾರ್ನ್ ಡಾಗ್ ಅಮೆರಿಕದ ಜಾತ್ರೆಯ ತಿಂಡಿ. ಅದಕ್ಕೆ ಮೊಜರೆಲ್ಲಾ ತುಂಬಿ, ಆಲೂಗಡ್ಡೆ ತುಂಡು ಮೆತ್ತಿ, ಸಕ್ಕರೆ ಉದುರಿಸಿದ ಕೊರಿಯನ್ ಅಂಗಡಿಗಳು ಈಗ ಅಮೆರಿಕದಲ್ಲೇ ಇವೆ. ಪ್ಯಾರಿಸ್ ಬಗೆಟ್ ಅನ್ನೋ ಕೊರಿಯನ್ ಬೇಕರಿ ಕಂಪನಿ 2014ರಲ್ಲಿ ಪ್ಯಾರಿಸ್‌ನಲ್ಲೇ ಅಂಗಡಿ ತೆರೆಯಿತು. ಇನ್ನೊಂದು ಕಡೆ ಮೂಲವನ್ನು ಕಾಪಾಡುವ ಪ್ರಯತ್ನವೂ ಜೋರಾಗಿದೆ. 2025ರ ಡಿಸೆಂಬರ್‌ನಲ್ಲಿ ದೆಹಲಿಯಲ್ಲಿ ನಡೆದ ಯುನೆಸ್ಕೋ ಸಭೆ ಇಟಲಿಯ ಅಡುಗೆಯನ್ನು ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ನಮ್ಮ ದೀಪಾವಳಿ ಸೇರಿದ್ದೂ ಅದೇ ಸಭೆಯಲ್ಲಿ.

ನನಗೆ ಕಳವಳ ಇರೋದು ಬೇರೆ ಕಡೆ. ವಿಡಿಯೊಗಳು ಹೆಚ್ಚಿದ ಹಾಗೆ, ತಿನಿಸುಗಳು ವಿಡಿಯೊಗಾಗಿಯೇ ಹುಟ್ಟುತ್ತಿವೆ. ಚೀಸ್ ಎಳೆದಷ್ಟೂ ಉದ್ದ ಬರಬೇಕು. ಎರಡು ಬಿಲ್ಲೆಗಳ ನಡುವೆ ಕ್ರೀಮ್ ಇಟ್ಟ ಮ್ಯಾಕರಾನ್ ಬಾಯಿಗೆ ಹಿಡಿಯದಷ್ಟು ದಪ್ಪ ಇರಬೇಕು. ಯಾರ ಕೊರತೆಗೂ, ಯಾರ ಅಭ್ಯಾಸಕ್ಕೂ ಸಂಬಂಧ ಇಲ್ಲದ ಇಂಥವು ಬಂದಷ್ಟೇ ಬೇಗ ಹೋಗುತ್ತವೆ. ಕ್ಯಾಮೆರಾ ಅಷ್ಟಾಗಿ ಹೋಗದ ಜಾಗಗಳು ಮಾತ್ರ ಒಂದೊಂದಾಗಿ ಬಾಗಿಲು ಹಾಕುತ್ತಿವೆ. ಸಿಯೋಲ್ ರೈಲು ನಿಲ್ದಾಣದ ‘ಗ್ರಿಲ್’ 1925ರಲ್ಲಿ ತೆರೆದ ಪಾಶ್ಚಾತ್ಯ ಊಟದ ಹೋಟೆಲು. ಕೊರಿಯಾದಲ್ಲಿ ಆ ಬಗೆಯದರಲ್ಲಿ ಮೊದಲನೆಯದು ಅಂತಾರೆ. 2021ರಲ್ಲಿ ಮುಚ್ಚಿತು. ಇಂಥ ಹೋಟೆಲುಗಳಲ್ಲಿ ಮೊದಲು ಬಿಳಿ ಸೂಪ್ ಬರುತ್ತದೆ. ಆಮೇಲೆ ಜಪಾನ್ ದಾರಿಯಾಗಿ ಬಂದ, ತಟ್ಟೆ ತುಂಬುವಷ್ಟು ಅಗಲವಾಗಿ ಬಡಿದು ಕರಿದ ಹಂದಿ ಕಟ್ಲೆಟ್. ಬಡಿಸುವವರು ಕೇಳುತ್ತಾರೆ: ಬ್ರೆಡ್ ಬೇಕೋ, ಅನ್ನ ಬೇಕೋ? ಅನ್ನ ಅಂದರೆ ಅಗಲ ತಟ್ಟೆಯಲ್ಲಿ ತೆಳ್ಳಗೆ ಹರಡಿ, ಫೋರ್ಕ್ ಜೊತೆ ತಂದಿಡುತ್ತಾರೆ. ಅಪ್ಪನ ಸಂಬಳದ ದಿನ, ಮಗಳ ಶಾಲೆ ಮುಗಿದ ದಿನ ಇಡೀ ಮನೆಯವರು ಒಳ್ಳೆ ಬಟ್ಟೆ ಹಾಕಿಕೊಂಡು ಹೋಗುತ್ತಿದ್ದ ಹೋಟೆಲುಗಳು ಇವು. ಇನ್ನೂ ಕೆಲವು ಉಳಿದಿವೆ. ಪ್ರತಿಕ್ರಿಯೆಯ ವಿಡಿಯೊ ಮಾಡುವವರು ಅಲ್ಲಿಗೆ ಹೋಗಬೇಕು. ತಾವು ತಿಂದು ಅಂಕ ಕೊಡುವ ಮುಂಚೆ, ಪಕ್ಕದ ಮೇಜಿನ ವಯಸ್ಸಾದ ಗಿರಾಕಿಯನ್ನೋ, ಅಡುಗೆ ಮಾಡುವವರನ್ನೋ ಮಾತಾಡಿಸಬೇಕು.